ಐಒ ಮುಂದಿರುವುದು ನಿಮ್ಮದೇ ಕೈಬರಹ: ಎಸ್‌ಎಸ್‌ಬಿಯ ಕಷ್ಟದ ಪ್ರಶ್ನೆಗಳು

ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಸರ್ವಿಸಸ್ ಸೆಲೆಕ್ಷನ್ ಬೋರ್ಡ್‌ನ (ಎಸ್‌ಎಸ್‌ಬಿ) ಸಂದರ್ಶನದ ಬಗ್ಗೆ ಓದುಗರಿಂದ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವರ ಚಿಂತೆ ಒಂದೇ: ಇಕ್ಕಟ್ಟಿನ ಪ್ರಶ್ನೆ ಬಂದರೆ ಏನು ಹೇಳಬೇಕು? ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಲಿಖಿತ ಪರೀಕ್ಷೆ ಪಾಸಾಗಿದೆ. ಸಂದರ್ಶನದಲ್ಲಿ ತಬ್ಬಿಬ್ಬು ಮಾಡುವ ಪ್ರಶ್ನೆ ಕೇಳುತ್ತಾರೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಅಂಥ ಪ್ರಶ್ನೆಗಳ ಪಟ್ಟಿ ಎಲ್ಲಾದರೂ ಸಿಗುತ್ತದೆಯೇ?
(ದ್ವಿತೀಯ ಪಿಯು ವಿದ್ಯಾರ್ಥಿ, ಹಾಸನ)

ಪಟ್ಟಿ ಇದೆ, ಅದನ್ನು ಬರೆದುಕೊಡುವವರು ನೀವೇ. ಬೋರ್ಡ್‌ಗೆ ಹೋದ ಮೊದಲ ದಿನ ಪಿಐಕ್ಯೂ ಎಂಬ ವೈಯಕ್ತಿಕ ವಿವರಗಳ ಫಾರಂ ತುಂಬಿಸಿಕೊಳ್ಳುತ್ತಾರೆ. ಊರು, ಅದರ ಜನಸಂಖ್ಯೆ, ಅದು ಜಿಲ್ಲಾ ಕೇಂದ್ರವೋ ಅಲ್ಲವೋ. ತಂದೆ ತಾಯಿಯ ಓದು, ಉದ್ಯೋಗ, ಆದಾಯ. ಅಣ್ಣ ತಮ್ಮ ಅಕ್ಕ ತಂಗಿಯರ ವಿವರ. ಹತ್ತನೇ ತರಗತಿಯಿಂದ ಈವರೆಗಿನ ಅಂಕ. ಎನ್‌ಸಿಸಿ, ಆಟ, ಹವ್ಯಾಸ. ಶಾಲೆ ಕಾಲೇಜಿನಲ್ಲಿ ಹೊತ್ತ ಜವಾಬ್ದಾರಿ. ಹಿಂದೆ ಎಸ್‌ಎಸ್‌ಬಿಗೆ ಹೋಗಿದ್ದರೆ ಅದರ ಫಲಿತಾಂಶ. ಸಂದರ್ಶನ ಮಾಡುವ ಅಧಿಕಾರಿ, ಅಂದರೆ ಐಒ, ಈ ಹಾಳೆಯನ್ನು ಓದಿಕೊಂಡು, ಮುಂದಿಟ್ಟುಕೊಂಡೇ ಕೂತಿರುತ್ತಾರೆ. ನಿಮ್ಮನ್ನು ಕಾಡುವ ಪ್ರಶ್ನೆಗಳಲ್ಲಿ ಬಹುಪಾಲು ಈ ಹಾಳೆಯ ಯಾವುದೋ ಒಂದು ಸಾಲಿನಿಂದಲೇ ಹುಟ್ಟುತ್ತವೆ.

ಉದಾಹರಣೆಗೆ, ಆಟದ ಜಾಗದಲ್ಲಿ ಕಬಡ್ಡಿ ಎಂದು ಬರೆದಿದ್ದೀರಿ. ಮೊದಲ ಪ್ರಶ್ನೆ ಸುಲಭದ್ದು: ಯಾವ ಮಟ್ಟದಲ್ಲಿ ಆಡಿದ್ದೀರಿ? ಎರಡನೆಯದು: ಪುರುಷರ ಅಂಕಣದ ಅಳತೆ ಎಷ್ಟು? 13 ಮೀಟರ್ ಉದ್ದ, 10 ಮೀಟರ್ ಅಗಲ ಎಂಬುದು ಬಾಯಲ್ಲಿರಬೇಕು. ಮೂರನೆಯದು: ನಿಮ್ಮ ತಂಡ ಕೊನೆಯ ಸಲ ಸೋತದ್ದು ಯಾಕೆ, ಆಮೇಲೆ ನೀವೇನು ಮಾಡಿದಿರಿ? ನಿಜವಾಗಿ ಆಡಿದವರಿಗೆ ಮೂರೂ ಸಲೀಸು. ಜಾಗ ತುಂಬಿಸಲು ಬರೆದವರು ಎರಡನೆಯದಕ್ಕೇ ತಡವರಿಸುತ್ತಾರೆ. ಅಲ್ಲಿಂದಾಚೆಗೆ ಅವರು ಬರೆದ ಬೇರೆ ಸಾಲುಗಳ ಮೇಲೂ ಅನುಮಾನ ಶುರುವಾಗುತ್ತದೆ. ಮೂರು ಪ್ರಶ್ನೆ ತಾಳಲಾರದ ಹವ್ಯಾಸವನ್ನು ಬರೆಯಲೇಬೇಡಿ. ಐದು ಹವ್ಯಾಸಗಳ ಸಾಲಿಗಿಂತ ಚೆನ್ನಾಗಿ ಬಲ್ಲ ಎರಡು ಸಾಕು.

ಇನ್ನೊಂದು ಸಂಗತಿ ತಿಳಿದಿರಲಿ. ನಿಮ್ಮನ್ನು ಮೂವರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಬರವಣಿಗೆಯ ಪರೀಕ್ಷೆಗಳಿಂದ ಮನಶ್ಶಾಸ್ತ್ರಜ್ಞರು, ಮೈದಾನದ ಕೆಲಸಗಳಿಂದ ಜಿಟಿಒ (ಗ್ರೂಪ್ ಟೆಸ್ಟಿಂಗ್ ಅಧಿಕಾರಿ), ಮಾತಿನಿಂದ ಐಒ. ಮನಸಾ, ವಾಚಾ, ಕರ್ಮಣಾ ಎಂದು ಬೋರ್ಡ್‌ನವರೇ ಇದನ್ನು ಕರೆಯುತ್ತಾರೆ. ಮೂವರೂ ಹುಡುಕುವುದು ಅದೇ 15 ಅಧಿಕಾರಿ ಗುಣಗಳನ್ನು. ಐದನೇ ದಿನದ ಕಾನ್ಫರೆನ್ಸ್‌ನಲ್ಲಿ ಮೂವರ ಅಭಿಪ್ರಾಯವೂ ಒಟ್ಟಿಗೆ ಮೇಜಿನ ಮೇಲೆ ಬರುತ್ತದೆ. ಉರು ಹೊಡೆದ ಉತ್ತರ ಐಒ ಮುಂದೆ ಚೆಂದ ಕೇಳಿಸಬಹುದು. ಆದರೆ ‘ನಾನು ಎಲ್ಲರನ್ನೂ ಜೊತೆಗೆ ಕರೆದೊಯ್ಯುವವನು’ ಎಂದವರು ಗ್ರೂಪ್ ಟಾಸ್ಕ್‌ನಲ್ಲಿ ಹಲಗೆ ಹಗ್ಗ ಯಾರ ಕೈಗೂ ಕೊಡದಿದ್ದರೆ ಆ ಚೆಂದದ ಮಾತೇ ಅವರಿಗೆ ಮುಳುವಾಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಪಿಐಕ್ಯೂ ಮಾದರಿ ಹಾಳೆಯನ್ನು ಪೆನ್ನಿನಲ್ಲಿ ಪೂರ್ತಿ ತುಂಬಿಸಿ. ಪ್ರತಿ ಸಾಲಿನ ಕೆಳಗೆ ಮೂರು ಪ್ರಶ್ನೆ ಬರೆಯಿರಿ: ಏನು, ಯಾಕೆ, ಅದಕ್ಕೆ ಸಾಕ್ಷಿಯಾದ ಘಟನೆ ಯಾವುದು. ಉತ್ತರವನ್ನು ವಾಕ್ಯಗಳಾಗಿ ಬರೆಯಬೇಡಿ, ಇಸವಿ, ಸ್ಥಳ, ಸಂಖ್ಯೆ ಮಾತ್ರ ಗುರುತು ಹಾಕಿಕೊಳ್ಳಿ. ವಾಕ್ಯ ಬರೆದರೆ ಅದೇ ಬಾಯಿಪಾಠವಾಗುತ್ತದೆ, ಬಾಯಿಪಾಠದ ದನಿ ಅನುಭವಿ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಎನ್‌ಡಿಎಯಲ್ಲಿ ಲಿಖಿತಕ್ಕೆ 900 ಅಂಕವಾದರೆ ಎಸ್‌ಎಸ್‌ಬಿಗೂ 900. ಗಣಿತಕ್ಕೆ ಕೊಟ್ಟಷ್ಟೇ ಹೊತ್ತನ್ನು ಈ ಹಾಳೆಗೂ ಕೊಡುವುದು ನ್ಯಾಯ.

ಒಂದೇ ಉಸಿರಿಗೆ ಹತ್ತು ಹನ್ನೆರಡು ಪ್ರಶ್ನೆ ಕೇಳಿ, ಎಲ್ಲಕ್ಕೂ ಕ್ರಮವಾಗಿ ಉತ್ತರಿಸಿ ಅನ್ನುತ್ತಾರಂತೆ. ಬರೆದುಕೊಳ್ಳಲೂ ಬಿಡುವುದಿಲ್ಲವಂತೆ. ಅಷ್ಟನ್ನು ನೆನಪಿಡುವುದು ಹೇಗೆ?
(ಬಿಎಸ್‌ಸಿ ಪದವೀಧರೆ, ಶಿವಮೊಗ್ಗ)

ಇದನ್ನು ರ‍್ಯಾಪಿಡ್ ಫೈರ್ ಅನ್ನುತ್ತಾರೆ. ಒಂದು ಸರಣಿ ಹೆಚ್ಚುಕಡಿಮೆ ಹೀಗಿರುತ್ತದೆ: ‘ಹತ್ತನೇ ತರಗತಿಯಿಂದ ಇಲ್ಲಿಯವರೆಗೆ ಅಂಕ ಹೇಳಿ, ಏರುಪೇರಾಗಿದ್ದರೆ ಕಾರಣ ಹೇಳಿ, ಇಷ್ಟದ ವಿಷಯ ಯಾವುದು, ಕಷ್ಟದ್ದು ಯಾವುದು, ಯಾವ ಶಿಕ್ಷಕರು ಹಿಡಿಸಿದರು, ಯಾರು ಹಿಡಿಸಲಿಲ್ಲ, ಯಾಕೆ, ಯಾವ ಆಟ ಆಡಿದಿರಿ, ಬೇರೆ ಯಾವ ಚಟುವಟಿಕೆ, ಏನು ಜವಾಬ್ದಾರಿ ಹೊತ್ತಿದ್ದಿರಿ, ಆಪ್ತ ಗೆಳತಿಯರು ಯಾರು, ಅವರಲ್ಲಿ ಏನು ಮೆಚ್ಚುತ್ತೀರಿ, ಅವರು ನಿಮ್ಮಲ್ಲಿ ಏನು ಮೆಚ್ಚುವುದಿಲ್ಲ?’

ಹದಿಮೂರಾಗಿ ಎಣಿಸಿದರೆ ನೆನಪಿಡಲಾಗದು. ಕಟ್ಟು ಕಟ್ಟಿಕೊಳ್ಳಿ: ಅಂಕ, ಶಿಕ್ಷಕರು, ಚಟುವಟಿಕೆ, ಗೆಳೆತನ. ಕೇಳಿಸಿಕೊಳ್ಳುವಾಗ ತೊಡೆಯ ಮೇಲಿಟ್ಟ ಕೈಯ ಒಂದೊಂದು ಬೆರಳಿಗೆ ಒಂದೊಂದು ಕಟ್ಟು. ಓದು, ಮನೆ, ಗೆಳೆತನ, ಬಿಡುವಿನ ವೇಳೆ, ಆಟ, ಸುದ್ದಿ ಎಂಬ ಆರೇಳು ವಿಷಯಗಳ ಮೇಲೇ ಈ ಸರಣಿಗಳು ಬರುವುದರಿಂದ ಪ್ರತಿ ವಿಷಯದ ಕಟ್ಟುಗಳು ಮೊದಲೇ ಗೊತ್ತಿದ್ದರೆ ಕಿವಿಗೆ ಬಿದ್ದದ್ದು ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಉತ್ತರ ನಾಲ್ಕೈದು ನಿಮಿಷ ಬರಲಿ. ಒಂದೆರಡು ಬಿಟ್ಟುಹೋದರೆ ದೋಷವಲ್ಲ. ‘ಸರ್, ಒಂದು ಪ್ರಶ್ನೆ ಬಿಟ್ಟಿರಬಹುದು, ದಯವಿಟ್ಟು ನೆನಪಿಸುತ್ತೀರಾ’ ಎಂದು ಕೇಳಿ. ದೋಷವಾಗುವುದು ಕಷ್ಟದ್ದನ್ನೇ ಆರಿಸಿ ಬಿಟ್ಟಾಗ. ಕಡಿಮೆ ಅಂಕದ ಕಾರಣ, ಹಿಡಿಸದ ಶಿಕ್ಷಕರು, ಗೆಳತಿಯರ ದೂರು, ಈ ಮೂರನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ನೀವು ಮರೆತದ್ದಲ್ಲ, ಜಾರಿಕೊಂಡದ್ದು ಎಂದೇ ಅವರಿಗೆ ತೋರುತ್ತದೆ.

ಹಿಡಿಸದ ಶಿಕ್ಷಕರ ಪ್ರಶ್ನೆಯಲ್ಲಿ ತುಂಬ ಜನ ಜಾರುತ್ತಾರೆ. ‘ಅವರಿಗೆ ಪಾಠ ಮಾಡಲು ಬರುತ್ತಿರಲಿಲ್ಲ’ ಎಂದರೆ ನಾಳೆ ಮೇಲಧಿಕಾರಿಯನ್ನೂ ಹೀಗೆಯೇ ದೂರುತ್ತೀರಿ ಎಂಬ ಭಾವನೆ ಬರುತ್ತದೆ. ‘ಎಲ್ಲ ಶಿಕ್ಷಕರೂ ಇಷ್ಟ’ ಎಂದರೆ ನಂಬುವುದಿಲ್ಲ. ‘ರಸಾಯನಶಾಸ್ತ್ರದ ತರಗತಿ ಬಹಳ ವೇಗವಾಗಿ ಹೋಗುತ್ತಿತ್ತು, ನನಗೆ ಹಿಡಿಯಲು ಆಗುತ್ತಿರಲಿಲ್ಲ. ಮೊದಲು ಬೇಸರವಾಯಿತು. ಎರಡನೇ ಟೆಸ್ಟ್ ಕೈಕೊಟ್ಟ ಮೇಲೆ ಸ್ಟಾಫ್ ರೂಮಿಗೆ ಹೋಗಿ ಕೇಳಿದೆ, ವಾರಕ್ಕೆರಡು ದಿನ ಹೇಳಿಕೊಟ್ಟರು’ ಎನ್ನುವ ಉತ್ತರದಲ್ಲಿ ನಿಜವೂ ಇದೆ, ನೀವು ಮಾಡಿದ ಕೆಲಸವೂ ಇದೆ. ಆದರೆ ಇದು ನಿಮ್ಮ ಜೀವನದಲ್ಲಿ ನಡೆದಿದ್ದರೆ ಮಾತ್ರ ಹೇಳಿ. ಮುಂದಿನ ಪ್ರಶ್ನೆ ‘ಯಾವ ಅಧ್ಯಾಯ ಹೇಳಿಕೊಟ್ಟರು?’ ಎಂದಿರಬಹುದು.

ಇಂಜಿನಿಯರಿಂಗ್‌ನಲ್ಲಿ ನಾಲ್ಕು ಬ್ಯಾಕ್‌ಲಾಗ್ ಇದ್ದವು, ಈಗ ಎಲ್ಲ ಕ್ಲಿಯರ್ ಆಗಿವೆ. ನಡುವೆ ಒಂದು ವರ್ಷ ಖಾಲಿ ಇದೆ. ಇದನ್ನು ಕೇಳಿದರೆ ಏನು ಮಾಡಲಿ? ಅಮ್ಮನಿಗೆ ಹುಷಾರಿರಲಿಲ್ಲ ಎಂದು ಹೇಳು ಎಂದು ಗೆಳೆಯರು ಹೇಳುತ್ತಿದ್ದಾರೆ.
(ಬಿಇ ಪದವೀಧರ, ದಾವಣಗೆರೆ)

ಆ ಸಲಹೆಯನ್ನು ಇವತ್ತೇ ಬಿಡಿ. ಕಾಯಿಲೆ ಯಾವುದು, ಯಾವ ಆಸ್ಪತ್ರೆ, ಎಷ್ಟು ದಿನ, ಆಗ ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದರು ಎಂದು ಪ್ರಶ್ನೆ ಬೆಳೆಯುತ್ತಾ ಹೋದರೆ ಸುಳ್ಳಿಗೆ ಸುಳ್ಳು ಜೋಡಿಸಬೇಕಾಗುತ್ತದೆ. ಬ್ಯಾಕ್‌ಲಾಗ್ ಇದ್ದವರೂ ರೆಕಮೆಂಡ್ ಆಗುತ್ತಾರೆ (ಬೋರ್ಡ್‌ನಿಂದ ಆಯ್ಕೆಯಾಗುತ್ತಾರೆ), ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ದಾರಿ ಮುಚ್ಚುತ್ತದೆ. ಸಿಪಾಯಿಗಳ ಪ್ರಾಣ ಅಧಿಕಾರಿಯ ಒಂದು ವರದಿಯ ಮೇಲೆ ನಿಂತಿರುವ ಕೆಲಸ ಇದು, ಅಲ್ಲಿ ಸುಳ್ಳಿಗೆ ರಿಯಾಯಿತಿ ಇರಲಾರದು.

ಉತ್ತರಕ್ಕೆ ನಾಲ್ಕು ಮೆಟ್ಟಿಲು. ಕೇಳುವ ಮೊದಲೇ ಸಂಖ್ಯೆ ಹೇಳಿಬಿಡಿ: ಮೂರನೇ ಸೆಮಿಸ್ಟರ್‌ನಲ್ಲಿ ಇಷ್ಟು, ನಾಲ್ಕರಲ್ಲಿ ಇಷ್ಟು. ಆಮೇಲೆ ನಿಮ್ಮ ಕೈಯಲ್ಲಿದ್ದ ಕಾರಣ: ಹಾಸ್ಟೆಲ್‌ಗೆ ಬಂದ ಮೇಲೆ ದಿನಚರಿ ಹಾಳಾಯಿತು, ತರಗತಿ ತಪ್ಪಿಸಿದೆ, ಗಣಿತದ ಬುನಾದಿ ಗಟ್ಟಿ ಇರಲಿಲ್ಲ, ಹೀಗೆ. ಮೂರನೆಯದಾಗಿ ಏನು ಬದಲಿಸಿದಿರಿ. ಕೊನೆಗೆ ಬದಲಾವಣೆಯ ಫಲ, ಅದೂ ಸಂಖ್ಯೆಯಲ್ಲಿ: ಮುಂದಿನ ಸೆಮಿಸ್ಟರ್‌ಗಳ ಅಂಕ, ಕ್ಲಿಯರ್ ಮಾಡಿದ ತಿಂಗಳು. ಒಂದೂವರೆ ನಿಮಿಷ ಸಾಕು. ‘ವಿಶ್ವವಿದ್ಯಾಲಯದ ಮೌಲ್ಯಮಾಪನ ಸರಿಯಿಲ್ಲ’ ಎಂಬ ಮಾತು ಬೇಡ, ನಿಜವಿದ್ದರೂ ಬೇಡ.

ಖಾಲಿ ವರ್ಷಕ್ಕೂ ಇದೇ ಕ್ರಮ. ‘ಎಸ್‌ಎಸ್‌ಬಿಗೆ ಓದುತ್ತಿದ್ದೆ’ ಎಂದು ಮಾತ್ರ ಹೇಳಿದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: ‘ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ಏನು ಮಾಡುತ್ತಿದ್ದಿರಿ?’ ಅಪ್ಪನ ಅಂಗಡಿಯ ಲೆಕ್ಕ ಬರೆದದ್ದು, ತೋಟದ ಕೆಲಸ ನೋಡಿಕೊಂಡದ್ದು, ಮಕ್ಕಳಿಗೆ ಪಾಠ ಹೇಳಿದ್ದು, ಇವುಗಳನ್ನು ಸಣ್ಣ ಕೆಲಸವೆಂದು ಮುಚ್ಚಿಡಬೇಡಿ. ಜವಾಬ್ದಾರಿ ಎಂಬ ಗುಣ ಕಾಣುವುದು ಇಂಥಲ್ಲೇ. ಪದವಿಯ ಮೂಲ ವಿಷಯಗಳ ಪ್ರಶ್ನೆಯೂ ಬರುತ್ತದೆ, ವಿಶೇಷವಾಗಿ ಟೆಕ್ನಿಕಲ್ ಎಂಟ್ರಿಗೆ ಹೋಗುವವರಿಗೆ. ಮೆಕ್ಯಾನಿಕಲ್‌ನವರಿಗೆ ಪೆಟ್ರೋಲ್ ಇಂಜಿನ್‌ಗೂ ಡೀಸೆಲ್ ಇಂಜಿನ್‌ಗೂ ವ್ಯತ್ಯಾಸ, ಸಿವಿಲ್‌ನವರಿಗೆ ಕಾಂಕ್ರೀಟ್ ಕ್ಯೂರಿಂಗ್ ಯಾಕೆ ಎಂಬ ಮಟ್ಟದ್ದು. ಪ್ರಾಜೆಕ್ಟ್ ವರದಿಯನ್ನು ಬೇರೆಯವರಿಂದ ಬರೆಸಿದ್ದರೆ ಈಗಲಾದರೂ ಕೂತು ಓದಿ ಅರ್ಥಮಾಡಿಕೊಳ್ಳಿ.

ಮೂರು ಸಲ ಕಾನ್ಫರೆನ್ಸ್ ಔಟ್ ಆಗಿದ್ದೇನೆ, ಅಂದರೆ ಕೊನೆಯ ದಿನದವರೆಗೆ ಉಳಿದೂ ಆಯ್ಕೆಯಾಗಿಲ್ಲ. ‘ಯಾಕೆ ಆಯ್ಕೆಯಾಗಲಿಲ್ಲ?’ ಎಂದು ಪ್ರತಿ ಸಲ ಕೇಳುತ್ತಾರೆ. ಬೋರ್ಡ್‌ನವರು ಕಾರಣವನ್ನೇ ಹೇಳದಿರುವಾಗ ನಾನು ಏನೆಂದು ಹೇಳಲಿ?
(ಬೆಳಗಾವಿಯಿಂದ ಒಬ್ಬರು)

‘ಗೊತ್ತಿಲ್ಲ ಸರ್’ ಎಂಬುದು ಪ್ರಾಮಾಣಿಕ ಉತ್ತರ, ಆದರೆ ಅರ್ಧ ಉತ್ತರ. ಅವರು ಕೇಳುತ್ತಿರುವುದು ಬೋರ್ಡ್‌ನ ಗುಟ್ಟನ್ನಲ್ಲ, ನೀವು ನಿಮ್ಮನ್ನು ಎಷ್ಟು ನೋಡಿಕೊಂಡಿದ್ದೀರಿ ಎಂಬುದನ್ನು. ಪ್ರತಿ ಪ್ರಯತ್ನ ಮುಗಿದ ಮೇಲೆ, ಊರಿಗೆ ಮರಳುವ ರೈಲಿನಲ್ಲೇ, ಐದು ದಿನದ ನೆನಪನ್ನು ಬರೆದಿಟ್ಟುಕೊಳ್ಳಬೇಕು: 60 ಎಸ್‌ಆರ್‌ಟಿಯಲ್ಲಿ (ಸಂದರ್ಭ ಕೊಟ್ಟು ಪ್ರತಿಕ್ರಿಯೆ ಬರೆಸುವ ಪ್ರಶ್ನೆಗಳು) ಎಷ್ಟು ಬರೆದೆ, ಗ್ರೂಪ್ ಡಿಸ್ಕಷನ್‌ನಲ್ಲಿ ಎಷ್ಟು ಸಲ ಮಾತಾಡಿದೆ, ಅದರಲ್ಲಿ ಬೇರೆಯವರ ಮಾತಿಗೆ ಜೋಡಿಸಿದ್ದೆಷ್ಟು, ನಾನೇ ನಾಯಕನಾಗಿ ಮಾಡಿಸಬೇಕಾದ ಕಮಾಂಡ್ ಟಾಸ್ಕ್ ಮುಗಿಯಿತೇ, ಸಂದರ್ಶನದಲ್ಲಿ ಎಲ್ಲಿ ಮಾತು ತಡೆಯಿತು. ಈ ಟಿಪ್ಪಣಿ ಇದ್ದರೆ ಉತ್ತರ ತಾನೇ ಬರುತ್ತದೆ: ‘ನಿಖರ ಕಾರಣ ಗೊತ್ತಿಲ್ಲ ಸರ್. ಆದರೆ ಕಳೆದ ಸಲ ಗ್ರೂಪ್ ಟಾಸ್ಕ್‌ನಲ್ಲಿ ಐಡಿಯಾ ಬಂದರೂ ಹೇಳಲು ಕಾಯುತ್ತಿದ್ದೆ, ಅಷ್ಟರಲ್ಲಿ ಬೇರೆಯವರು ಮುಂದುವರಿದಿರುತ್ತಿದ್ದರು. ಈ ಏಳು ತಿಂಗಳಲ್ಲಿ ನಮ್ಮ ಬಡಾವಣೆಯ ವಾಲಿಬಾಲ್ ತಂಡದ ಹೊಣೆ ಹೊತ್ತು, ಎರಡು ಪಂದ್ಯಾವಳಿ ನಡೆಸಿದೆ.’

ಇದರ ಜೀವಾಳ ಎರಡನೇ ಅರ್ಧದಲ್ಲಿದೆ. ಹಿಂದಿನ ಪ್ರಯತ್ನಕ್ಕೂ ಈಗಿನದಕ್ಕೂ ನಡುವೆ ಬದುಕಿನಲ್ಲಿ ಏನೂ ಬದಲಾಗದಿದ್ದರೆ ಉತ್ತರ ಎಷ್ಟೇ ನಯವಾಗಿದ್ದರೂ ಫಲಿತಾಂಶ ಬದಲಾಗುವುದು ಕಷ್ಟ. ಆದ್ದರಿಂದ ಮುಂದಿನ ಕಾಲ್ ಲೆಟರ್‌ಗೆ ಮೊದಲು ಪಿಐಕ್ಯೂನಲ್ಲಿ ಹೊಸದಾಗಿ ಒಂದು ಸಾಲಾದರೂ ಬರೆಯುವಂಥ ಕೆಲಸ ಮಾಡಿ. ಅದೃಷ್ಟ, ಗ್ರೂಪ್ ಸರಿಯಿರಲಿಲ್ಲ, ಈ ಬೋರ್ಡ್‌ನಲ್ಲಿ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಇಂಥ ಮಾತು ಬಾಯಿಗೆ ಬರಬಾರದು. ಕೋಚಿಂಗ್‌ಗೆ ಹೋಗಿದ್ದೀರಾ ಎಂದು ಕೇಳಿದರೆ ಹೋಗಿದ್ದರೆ ಹೌದೆನ್ನಿ, ಅಲ್ಲಿ ಕಲಿತದ್ದೇನೆಂದು ಒಂದು ಮಾತು ಸೇರಿಸಿ. ಹಳೆಯ ಪ್ರಯತ್ನಗಳನ್ನು ಫಾರಂನಲ್ಲಿ ಮುಚ್ಚಿಡುವ ಯೋಚನೆ ಬೇಡವೇ ಬೇಡ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಪದವೀಧರರಿಗಿರುವ ಸಿಡಿಎಸ್ ಪರೀಕ್ಷೆಯ ಮೂಲಕ ಒಟಿಎಗೆ (ಅಧಿಕಾರಿಗಳ ತರಬೇತಿ ಅಕಾಡೆಮಿ) ಪ್ರಯತ್ನ. ‘ಇಷ್ಟು ಸಂಬಳ ಬಿಟ್ಟು ಸೇನೆಗೆ ಯಾಕೆ?’ ಎಂದರೆ ದೇಶಸೇವೆ ಎನ್ನುವುದು ಸಾಕೇ?
(ಓದುಗ, ಬೆಂಗಳೂರು)

ಸಾಲದು. ದೇಶಸೇವೆಯ ಆಸೆ ನಿಮಗೆ ನಿಜವಾಗಿಯೇ ಇರಬಹುದು, ಆದರೆ ಶಿಕ್ಷಕರು, ರೈತರು, ನರ್ಸ್‌ಗಳೂ ದೇಶಸೇವೆಯನ್ನೇ ಮಾಡುತ್ತಾರಲ್ಲ ಎಂದು ತಕ್ಷಣ ಕೇಳುತ್ತಾರೆ. ಸೇನೆಯಲ್ಲಷ್ಟೇ ಸಿಗುವ ಏನು ನಿಮಗೆ ಬೇಕಾಗಿದೆ, ಅದು ನಿಮಗೆ ಹೊಂದುತ್ತದೆ ಎಂದು ಯಾವ ಅನುಭವದಿಂದ ಗೊತ್ತಾಯಿತು, ಈ ಎರಡನ್ನು ಜೋಡಿಸಿ ಹೇಳಿ. ಎನ್‌ಸಿಸಿ ಕ್ಯಾಂಪ್, ಚಾರಣದ ತಂಡ ಮುನ್ನಡೆಸಿದ್ದು, ನೆರೆ ಬಂದಾಗ ಊರಲ್ಲಿ ಕೆಲಸ ಮಾಡಿದ್ದು, ಯಾವುದಾದರೂ ಸರಿ.

ಜೊತೆಗೆ ನೀವು ಕೇಳುತ್ತಿರುವ ಕೆಲಸದ ಷರತ್ತುಗಳು ಗೊತ್ತಿರಲಿ. ಲೆಫ್ಟಿನೆಂಟ್‌ನ ಮೂಲ ವೇತನ ಏಳನೇ ವೇತನ ಆಯೋಗದಂತೆ 56,100 ರೂಪಾಯಿಯಿಂದ ಶುರು, ಅದರ ಮೇಲೆ 15,500 ಮಿಲಿಟರಿ ಸರ್ವಿಸ್ ಪೇ ಮತ್ತು ಭತ್ಯೆಗಳು. ಒಟಿಎಯಿಂದ ಸಿಗುವುದು ಶಾರ್ಟ್ ಸರ್ವಿಸ್ ಕಮಿಷನ್: 10 ವರ್ಷ, ನಂತರ 14ರವರೆಗೆ ವಿಸ್ತರಿಸಬಹುದು, ಅರ್ಹರಿಗೆ ಪರ್ಮನೆಂಟ್ ಕಮಿಷನ್‌ನ (ನಿವೃತ್ತಿಯವರೆಗಿನ ಸೇವೆ) ಅವಕಾಶವೂ ಇದೆ. ‘ಹತ್ತು ವರ್ಷ ಆದ ಮೇಲೆ ಹೊರಗೆ ಬಂದರೆ ಏನು ಮಾಡುತ್ತೀರಿ?’ ಎಂಬುದಕ್ಕೂ ಯೋಚಿಸಿರಬೇಕು. ಸಂಬಳದ ಬಗ್ಗೆ ನನಗೆ ಆಸಕ್ತಿಯೇ ಇಲ್ಲ ಎನ್ನುವವರನ್ನು ಯಾರೂ ನಂಬುವುದಿಲ್ಲ, ಗೌರವದಿಂದ ಬದುಕಲು ಸಾಕಾಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ ಎಂದರೆ ನಂಬುತ್ತಾರೆ.

ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದೆ. ಹೆಣ್ಣುಮಕ್ಕಳಿಗೆ ಕೇಳುವ ಪ್ರಶ್ನೆ ಬೇರೆಯೇ? ಮದುವೆ, ಯುದ್ಧರಂಗ ಇದರ ಬಗ್ಗೆ ಕೇಳಿದರೆ?
(ಅಂತಿಮ ಬಿಕಾಂ, ಮಂಗಳೂರು)

ಅಳತೆ ಒಂದೇ, ಆ ಎರಡು ವಿಷಯ ಮಾತ್ರ ಸೇರಿಕೊಳ್ಳಬಹುದು. ಮೊದಲು ಸಂಗತಿಗಳು ಸರಿಯಿರಲಿ. ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್ ಕುರಿತ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಫೆಬ್ರವರಿ 2020ರಲ್ಲಿ. ಎನ್‌ಡಿಎ ಪರೀಕ್ಷೆ ಹೆಣ್ಣುಮಕ್ಕಳಿಗೆ ತೆರೆದದ್ದು 2021ರ ಆದೇಶದಿಂದ, ಮೊದಲ ತಂಡ 2022ರಲ್ಲಿ ಎನ್‌ಡಿಎ ಇರುವ ಖಡಕ್‌ವಾಸ್ಲಾಕ್ಕೆ ಹೋಯಿತು, ಮೇ 2025ರಲ್ಲಿ 17 ಮಂದಿ ಪಾಸಾಗಿ ಹೊರಬಂದರು. ಆರ್ಟಿಲರಿಗೆ ಮಹಿಳಾ ಅಧಿಕಾರಿಗಳು ಮೊದಲು ಸೇರಿದ್ದು ಏಪ್ರಿಲ್ 2023ರಲ್ಲಿ. ಇನ್‌ಫೆಂಟ್ರಿಗೂ ಟ್ಯಾಂಕ್ ದಳಕ್ಕೂ ಇನ್ನೂ ಅವಕಾಶ ಕೊಟ್ಟಿಲ್ಲ.

ಇನ್‌ಫೆಂಟ್ರಿಯಲ್ಲಿ ಮಹಿಳೆಯರು ಇರಬೇಕೇ ಎಂದು ಕೇಳಿದರೆ ಹೌದೆಂದರೂ ಸರಿ, ಇನ್ನೂ ಸಮಯ ಬೇಕೆಂದರೂ ಸರಿ. ಬೇಕಾದದ್ದು ಕಾರಣ. ಐಒ ಬೇಕೆಂದೇ ಎದುರು ಪಕ್ಷ ಹಿಡಿದು ವಾದಿಸುತ್ತಾರೆ. ಆಗ ಎರಡು ತಪ್ಪು ಆಗುತ್ತವೆ: ಒಂದು, ಅವರು ಅಧಿಕಾರಿ ಎಂದು ಮೂರನೇ ವಾಕ್ಯಕ್ಕೇ ನಿಲುವು ಬದಲಿಸುವುದು, ಇನ್ನೊಂದು, ದನಿ ಏರಿಸುವುದು. ‘ನೀವು ಹೇಳಿದ ತೊಂದರೆ ನಿಜ ಸರ್, ಆದರೂ ದೈಹಿಕ ಮಾನದಂಡ ಎಲ್ಲರಿಗೂ ಒಂದೇ ಇಟ್ಟರೆ ಅದನ್ನು ದಾಟಿದವರಿಗೆ ಅವಕಾಶ ಇರಬೇಕು ಎಂಬುದು ನನ್ನ ಅಭಿಪ್ರಾಯ’ ಎಂಬಲ್ಲಿ ಒಪ್ಪಿಗೆಯೂ ಇದೆ, ನಿಲುವೂ ಇದೆ. ಮದುವೆಯ ಪ್ರಶ್ನೆಗೆ ಮನೆಯವರ ಜೊತೆ ನಿಜವಾಗಿ ಆಡಿದ ಮಾತನ್ನೇ ಹೇಳಿ. ಆಡಿಲ್ಲದಿದ್ದರೆ ಹೋಗುವ ಮೊದಲು ಕೂತು ಮಾತಾಡಿ.

ಕಾವೇರಿ, ಭಾಷೆ, ಅಗ್ನಿಪಥ, ಇಂಥ ವಿವಾದದ ವಿಷಯ ಕೇಳಿದರೆ ಸುಮ್ಮನಿರುವುದು ಒಳ್ಳೆಯದಲ್ಲವೇ?
(ಪದವಿ ವಿದ್ಯಾರ್ಥಿ, ಮಂಡ್ಯ)

ಸುಮ್ಮನಿದ್ದರೆ ವಿಷಯ ಗೊತ್ತಿಲ್ಲ ಅಥವಾ ಧೈರ್ಯವಿಲ್ಲ ಎಂದಾಗುತ್ತದೆ. ಮಂಡ್ಯದವರಿಗೆ ಕಾವೇರಿ ಕೇಳದೆ ಬಿಡುವುದು ಅಪರೂಪ. ನ್ಯಾಯಮಂಡಳಿಯ ಅಂತಿಮ ತೀರ್ಪು 2007ರದು. ಫೆಬ್ರವರಿ 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ನೀರನ್ನು 177.25 ಟಿಎಂಸಿಗೆ ಇಳಿಸಿತು, ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿತು. ಮಳೆ ಕೊರತೆಯ ವರ್ಷದಲ್ಲಿ ಸಂಕಟವನ್ನು ಹಂಚಿಕೊಳ್ಳುವುದು ಹೇಗೆಂಬುದೇ ಈಗ ಉಳಿದಿರುವ ತೊಡಕು, ಅದನ್ನು ನೋಡಲು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಇದೆ. ಇಷ್ಟು ಹೇಳಿ, ನಿಮ್ಮ ಊರಿನ ನಾಲೆಯಲ್ಲಿ ನೀರು ನಿಂತಾಗ ಬೆಳೆಗೆ ಏನಾಗುತ್ತದೆ ಎಂದು ಕಂಡದ್ದನ್ನು ಹೇಳಿ. ನಿಮ್ಮ ಗ್ರೂಪ್‌ನಲ್ಲೇ ತಂಜಾವೂರಿನ ಹುಡುಗ ಇರಬಹುದು, ನಾಳೆ ನಿಮ್ಮ ಪ್ಲಟೂನ್‌ನಲ್ಲಿ ಖಂಡಿತ ಇರುತ್ತಾನೆ. ಅವನು ಕೇಳಿಸಿಕೊಂಡರೂ ನೋಯದ ಹಾಗೆ ನಿಮ್ಮ ರೈತರ ಪರ ಮಾತಾಡಲು ಬರಬೇಕು.

ಸೈನಿಕರ ನೇಮಕಾತಿಯ ಅಗ್ನಿಪಥ ಯೋಜನೆಗೂ ಇದೇ ರೀತಿ: ಜೂನ್ 2022ರಲ್ಲಿ ಪ್ರಕಟ, ನಾಲ್ಕು ವರ್ಷದ ಸೇವೆ, ಪ್ರತಿ ತಂಡದಲ್ಲಿ ಶೇ. 25ರವರೆಗೆ ಕಾಯಂ, ಉಳಿದವರಿಗೆ ಸೇವಾನಿಧಿ ಎಂಬ ಇಡಿಗಂಟು. ಸರಾಸರಿ ವಯಸ್ಸು ಇಳಿಯುವುದು ಒಂದು ಕಡೆ, ಹೊರಬಂದವರ ಮುಂದಿನ ಬದುಕು ಇನ್ನೊಂದು ಕಡೆ. ಎರಡನ್ನೂ ಹೇಳಿ ನಿಮ್ಮ ನಿಲುವಿಗೆ ಬನ್ನಿ. ಪಕ್ಷಗಳ ಹೆಸರು ಎತ್ತಬೇಡಿ. ಇಂಥ ಹತ್ತು ವಿಷಯಕ್ಕೆ ಒಂದೊಂದು ಪುಟದ ಟಿಪ್ಪಣಿ ಇದ್ದರೆ ಸಾಕು, ನೂರು ವಿಷಯ ಮೇಲುಮೇಲೆ ಓದುವುದರಿಂದ ಪ್ರಯೋಜನವಿಲ್ಲ.

ಸ್ವಂತ ಜಿಲ್ಲೆಯ ಬಗ್ಗೆ ತಿಳಿಯದೇ ಹೋಗುವವರು ಬಹಳ. ಬೆಳಗಾವಿಯವರಿಗೆ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್, ವಿಜಯಪುರದವರಿಗೆ 1963ರ ಸೈನಿಕ ಶಾಲೆ, ಕಾರವಾರದವರಿಗೆ ಐಎನ್‌ಎಸ್ ಕದಂಬ ಗೊತ್ತಿರದಿದ್ದರೆ ಕೇಳುವವರಿಗೇ ಆಶ್ಚರ್ಯವಾಗುತ್ತದೆ. ಸೇನಾ ದಿನ ಜನವರಿ 15 ಯಾಕೆ ಎಂದರೆ 1949ರ ಆ ದಿನ ಕೊಡಗಿನ ಕಾರಿಯಪ್ಪನವರು ಭಾರತೀಯನಾಗಿ ಮೊದಲ ಬಾರಿಗೆ ಸೇನೆಯ ದಂಡನಾಯಕತ್ವ ವಹಿಸಿಕೊಂಡದ್ದಕ್ಕೆ. ಕನ್ನಡನಾಡಿನ ಅಭ್ಯರ್ಥಿಗೆ ಇದು ತಪ್ಪಬಾರದು.

ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್‌ನಲ್ಲಿ ಮಾತು ನಿಂತುಹೋಗುತ್ತದೆ.
(ಓದುಗ, ಯಾದಗಿರಿ)

ಅಲಂಕಾರದ ಇಂಗ್ಲಿಷ್ ಬೇಡ, ಅರ್ಥವಾಗುವ ಇಂಗ್ಲಿಷ್ ಸಾಕು. ದಿನಕ್ಕೆ 20 ನಿಮಿಷ, ಪಿಐಕ್ಯೂನ ಒಂದು ಸಾಲಿನ ಮೇಲೆ ಜೋರಾಗಿ ಮಾತಾಡಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎಂಟು ಹತ್ತು ಪದದ ವಾಕ್ಯಗಳು, ಒಂದು ವಾಕ್ಯಕ್ಕೆ ಒಂದೇ ಸಂಗತಿ. ಕನ್ನಡದಲ್ಲಿ ಯೋಚಿಸಿ ಪದಕ್ಕೆ ಪದ ಅನುವಾದಿಸುವಾಗಲೇ ಮಾತು ನಿಲ್ಲುವುದು, ಆದ್ದರಿಂದ ನಿಮ್ಮ ಊರು, ಮನೆ, ಹೊಲ, ಆಟಕ್ಕೆ ಬೇಕಾದ ಇಂಗ್ಲಿಷ್ ಪದಗಳನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಲು ಕೇಳಿ, ಊಹೆಯ ಮೇಲೆ ಉತ್ತರಿಸಬೇಡಿ.

ಐಒ ಸಿಟ್ಟಾಗಿ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದರೆ? ‘ಹೀಗಾದರೆ ಏನು ಮಾಡುತ್ತೀರಿ’ ಎಂಬ ಸಂದರ್ಭದ ಪ್ರಶ್ನೆಗೆ ಏನು ಹೇಳಿದರೂ ಅದಾಗಲ್ಲ ಎನ್ನುತ್ತಾರಂತೆ.
(ಓದುಗ, ತುಮಕೂರು)

ಎರಡೂ ಒಂದೇ ಪರೀಕ್ಷೆ. ಹೆಚ್ಚಿನ ಸಂದರ್ಶನಗಳು ಸೌಮ್ಯವಾಗಿಯೇ ನಡೆಯುತ್ತವೆ. ಎಲ್ಲೋ ಒಂದೆಡೆ ಒತ್ತಡ ಹಾಕಿ ನೋಡುತ್ತಾರೆ. ಹೇಳಿದ್ದು ನಿಜವಾದರೆ ‘ಇಲ್ಲ ಸರ್, ನಡೆದದ್ದು ಹೀಗೆಯೇ’ ಎಂದು ಅದೇ ದನಿಯಲ್ಲಿ ಒಂದು ವಿವರ ಸೇರಿಸಿ ನಿಲ್ಲಿಸಿ. ಸಮರ್ಥನೆ ಉದ್ದವಾದಷ್ಟೂ ದುರ್ಬಲವಾಗುತ್ತದೆ. ಅವರು ಸುಮ್ಮನೆ ನೋಡುತ್ತಾ ಕೂತರೆ ನೀವೂ ಸುಮ್ಮನೆ ಕೂರಿ, ಮೌನ ತುಂಬಿಸಲು ಹೋಗಿ ಬೇಡದ್ದನ್ನು ಆಡಬೇಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.

ಸಂದರ್ಭದ ಪ್ರಶ್ನೆಯನ್ನು ಹೀಗೆ ಊಹಿಸಿ. ನೀವು 20 ಜನರನ್ನು ಚಾರಣಕ್ಕೆ ಕರೆದೊಯ್ದಿದ್ದೀರಿ, ಸಂಜೆ ಐದಕ್ಕೆ ಎಣಿಸಿದರೆ ಒಬ್ಬನಿಲ್ಲ. ಫೋನ್ ಮಾಡುತ್ತೇನೆ ಎಂದರೆ ನೆಟ್‌ವರ್ಕ್ ಇಲ್ಲ ಎನ್ನುತ್ತಾರೆ. ಹುಡುಕಲು ಕಳಿಸುತ್ತೇನೆ ಎಂದರೆ ಕತ್ತಲಾಗುತ್ತಿದೆ, ಇನ್ನೊಬ್ಬನಿಗೆ ಜ್ವರ ಬಂದಿದೆ ಎನ್ನುತ್ತಾರೆ. ಒಂದೊಂದೇ ಬಾಗಿಲು ಮುಚ್ಚುವುದೇ ಈ ಪ್ರಶ್ನೆಯ ರೀತಿ. ಮೊದಲು ಬೇಕಾದ ಮಾಹಿತಿ ಕೇಳಿಕೊಳ್ಳಿ: ಕೊನೆಗೆ ಅವನನ್ನು ನೋಡಿದ್ದು ಯಾರು, ಎಲ್ಲಿ, ಎಷ್ಟು ಹೊತ್ತಿನ ಹಿಂದೆ, ಟಾರ್ಚ್ ಎಷ್ಟಿವೆ. ಆಮೇಲೆ ಜನರನ್ನು ಹಂಚಿ: ದಾರಿ ಬಲ್ಲ ಇಬ್ಬರ ಜೊತೆ ನೀವು ಕೊನೆಗೆ ಕಂಡ ಜಾಗದವರೆಗೆ, ಜ್ವರದವನ ಜೊತೆ ಉಪನಾಯಕ ಮತ್ತು ಉಳಿದವರು ಒಂದೇ ಕಡೆ, ಇಬ್ಬರು ಹತ್ತಿರದ ಹಳ್ಳಿಗೆ, ಮರಳುವ ಗಂಟೆ ಎಲ್ಲರಿಗೂ ನಿಗದಿ. ಬಾಗಿಲು ಮುಚ್ಚಿದಾಗ ಹಳೆಯ ಉತ್ತರವನ್ನೇ ಹಿಡಿದು ಜಗ್ಗಬೇಡಿ, ಉಳಿದಿರುವ ಜನ, ಸಾಮಾನು, ಹೊತ್ತು ನೋಡಿ ಮುಂದಿನದನ್ನು ಹೇಳಿ. ‘ಇನ್ನೇನೂ ಮಾಡಲಾಗದು’ ಎಂದು ಕೈಚೆಲ್ಲಿದರೆ ಮಾತ್ರ ಸೋತಂತೆ.

ಮಗ ಈ ತಿಂಗಳು ಬೋರ್ಡ್‌ಗೆ ಹೋಗುತ್ತಿದ್ದಾನೆ. ನಮಗೆ ಸೇನೆಯ ಬಗ್ಗೆ ಏನೂ ತಿಳಿಯದು. ಮನೆಯಲ್ಲಿ ನಾವು ಏನು ಸಹಾಯ ಮಾಡಬಹುದು?
(ತಾಯಿ, ಚಿತ್ರದುರ್ಗ)

ನೀವು ಮಾಡಬಹುದಾದದ್ದು ತುಂಬ ಇದೆ ಅಮ್ಮಾ. ಮನೆಯ ಆದಾಯ, ಸಾಲ, ಜಮೀನಿನ ವಿವರವನ್ನು ಅವನಿಗೆ ಸರಿಯಾಗಿ ಹೇಳಿ, ಎಷ್ಟೋ ಮಕ್ಕಳಿಗೆ ಅಪ್ಪನ ಕೆಲಸ ನಿಖರವಾಗಿ ಏನೆಂದೇ ಗೊತ್ತಿರುವುದಿಲ್ಲ. ವಾರಕ್ಕೆರಡು ಸಲ ಎದುರಿಗೆ ಕೂರಿಸಿಕೊಂಡು ಕನ್ನಡದಲ್ಲೇ ಕೇಳಿ: ಅಪ್ಪನ ಯಾವ ಗುಣ ನಿನಗೆ ಬಂದಿದೆ, ನಮ್ಮಲ್ಲಿ ಯಾವುದು ಹಿಡಿಸುವುದಿಲ್ಲ, ಕೊನೆಯ ಸಲ ಜಗಳವಾದದ್ದು ಯಾಕೆ, ಹೇಗೆ ಸರಿಹೋಯಿತು? ಅವನು ಮನೆಯಲ್ಲಿ ನಡೆಯದ್ದನ್ನು ಹೇಳಿದರೆ ನಿಮ್ಮಷ್ಟು ಬೇಗ ಯಾರೂ ಹಿಡಿಯಲಾರರು, ಅಲ್ಲೇ ತಡೆಯಿರಿ. ನಿಮಗೆ ಭಯವಿದ್ದರೆ ಅದನ್ನೂ ಅವನಿಗೆ ಹೇಳಿ. ‘ಮನೆಯಲ್ಲಿ ಒಪ್ಪಿದ್ದಾರೆಯೇ?’ ಎಂದು ಕೇಳಿದಾಗ ‘ಅಮ್ಮನಿಗೆ ಆತಂಕ ಇದೆ, ಆದರೂ ಹೋಗು ಎಂದಿದ್ದಾರೆ’ ಎನ್ನುವುದಕ್ಕೆ ಏನೂ ಅಡ್ಡಿಯಿಲ್ಲ.

ಕಾನ್ಫರೆನ್ಸ್ ದಿನವೂ ಕಷ್ಟದ ಪ್ರಶ್ನೆ ಇರುತ್ತದೆಯೇ?
(ಓದುಗ, ಮೈಸೂರು)

ಹೆಚ್ಚಿನವರಿಗೆ ಎರಡು ಮೂರು ನಿಮಿಷ ಮಾತ್ರ: ವಾಸ್ತವ್ಯ ಹೇಗಿತ್ತು, ಯಾರ ಜೊತೆ ಗೆಳೆತನವಾಯಿತು, ಎಲ್ಲಿ ಚೆನ್ನಾಗಿ ಮಾಡಿದಿರಿ, ಎಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಿತ್ತು, ನಿಮ್ಮ ಗ್ರೂಪ್‌ನಿಂದ ಯಾರನ್ನು ಆರಿಸುತ್ತೀರಿ. ಕೊನೆಯದಕ್ಕೆ ಅವರ ಚೆಸ್ಟ್ ನಂಬರ್ (ಎದೆಯ ಮೇಲೆ ಹಾಕಿದ ಸಂಖ್ಯೆ) ಹೇಳಿ, ಅವರು ಯಾವ ಟಾಸ್ಕ್‌ನಲ್ಲಿ ಏನು ಮಾಡಿದರೆಂದು ಕಾರಣ ಕೊಡಿ, ಇದಕ್ಕಾಗಿ ನಾಲ್ಕು ದಿನ ಸಂಗಡಿಗರನ್ನು ಗಮನಿಸಿರಬೇಕು. ಅಂಚಿನಲ್ಲಿರುವವರಿಗೆ ಒಂದೆರಡು ಸಂದರ್ಭದ ಪ್ರಶ್ನೆ ಬರಬಹುದು. ಕೊಠಡಿಯಲ್ಲಿ ಎಲ್ಲ ಅಧಿಕಾರಿಗಳೂ ಕೂತಿರುತ್ತಾರೆ, ಕೇಳಿದವರ ಮುಖ ನೋಡಿ ಉತ್ತರಿಸಿ. ಹೆಚ್ಚು ಹೊತ್ತು ಕೂರಿಸಿದರೆ ಆಯ್ಕೆಯಾಯಿತು, ಬೇಗ ಕಳಿಸಿದರೆ ಹೋಯಿತು ಎಂಬ ಲೆಕ್ಕಾಚಾರಕ್ಕೆ ಆಧಾರವಿಲ್ಲ.